ನಡುವೆಯೂ ಎಯುಜಿ ಇದೆ, ಹಾಗಾದ್ರೆ ಬ್ಯಾಕ್ಟೀರಿಯಾಗೆ ಶುರು ಎಲ್ಲಿಂದ ಅಂತ ಹೇಗೆ ಗೊತ್ತಾಗುತ್ತದೆ?

ಪಿಯು ಮೇಷ್ಟ್ರು

ಸೆಕೆಂಡ್ ಪಿಯುಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈ ವಾರ ಟ್ರಾನ್ಸ್‌ಲೇಶನ್ ಪಾಠ, ಅಂದರೆ ಜೀನಿನ ನಕಲಾದ ಎಂಆರ್‌ಎನ್‌ಎಯನ್ನು ರೈಬೋಸೋಮ್ ಮೂರು ಮೂರು ಅಕ್ಷರದ ಕೋಡಾನ್‌ಗಳಾಗಿ ಓದಿ ಪ್ರೋಟೀನ್ ಕಟ್ಟುವುದು. ಬೋರ್ಡಿನ ಉದ್ದಕ್ಕೂ ಎಂಆರ್‌ಎನ್‌ಎ ಅಂತ ಒಂದು ಗೆರೆ ಎಳೆದೆ. ಎಡಗಡೆ ಶುರುವಿನ ಕೋಡಾನ್ ಎಯುಜಿ ಬರೆದೆ. ಅದರ ಮೇಲೆ ರೈಬೋಸೋಮ್ ಕೂರಿಸಿ "ಇಲ್ಲಿಂದ ಶುರು" ಅಂದೆ. ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು.

"ಸರ್, ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲಕ್ಕೆ ಇರೋದು ಎಯುಜಿ ಒಂದೇ ಕೋಡಾನ್. ಪ್ರೋಟೀನಿನ ನಡುವೆಯೂ ಮೆಥಿಯೋನಿನ್ ಬರುತ್ತೆ. ಅಂದ್ರೆ ನಡುವೆಯೂ ಎಯುಜಿ ಇದೆ. ರೈಬೋಸೋಮ್ ಅಲ್ಲಿಂದ ಯಾಕೆ ಶುರು ಮಾಡಲ್ಲ?"

"ಮೊದಲು ಸಿಗೋ ಎಯುಜಿಯಿಂದ ಶುರು ಮಾಡುತ್ತೆ ಕಣಮ್ಮ" ಅಂದೆ. ಅಲ್ಲಿಗೆ ಮುಗೀತು ಅಂದುಕೊಂಡೆ. ಅವಳು ಮುಂದಿನ ಪುಟಗಳನ್ನೂ ಓದಿಕೊಂಡು ಬಂದಿದ್ದಳು. "ಹಾಲಿನ ಸಕ್ಕರೆ ಬಳಸೋಕೆ ಬ್ಯಾಕ್ಟೀರಿಯಾಗೆ ಇರೋ ಲ್ಯಾಕ್ ಆಪೆರಾನ್‌ನಲ್ಲಿ ಒಂದೇ ಎಂಆರ್‌ಎನ್‌ಎ ಮೇಲೆ ಮೂರು ಜೀನ್ ಇದೆ. ಎರಡನೇ ಜೀನಿನ ಎಯುಜಿ ಮೊದಲು ಸಿಗೋದಲ್ಲ, ಅಲ್ವಾ ಸರ್?"

ನಾಳೆ ಹೇಳ್ತೀನಿ ಅಂತ ಡಸ್ಟರ್ ಕೈಗೆ ತಗೊಂಡೆ. ಪುಸ್ತಕದಲ್ಲಿ ಯುಟಿಆರ್ (ಎಂಆರ್‌ಎನ್‌ಎಯಲ್ಲಿ ಪ್ರೋಟೀನ್ ಆಗದ ತುದಿಗಳು) ಬಗ್ಗೆ ಒಂದೆರಡು ಸಾಲು ಇದೆ, ಅಷ್ಟೇ. ನಾನು ಎಂ.ಎಸ್ಸಿ. ಓದಿ ಇಪ್ಪತ್ತು ವರ್ಷ ಆಯ್ತು. ಗೊತ್ತಿರುವವರು ಹೇಳಿ, ಆದರೆ ಬೋರ್ಡಿನ ಮೇಲೆ ಬರೆಯುವ ಹಾಗೆ ಹೇಳಿ.

ಸುಮ್ನೆ ಓದೋನು

ಆ ಹುಡುಗಿಗೆ ಇಂಟರ್ನಲ್ ಮಾರ್ಕ್ಸ್ ಪೂರ್ತಿ ಕೊಟ್ಟುಬಿಡಿ ಸರ್.

ಲ್ಯಾಬ್ ಕೋಟು

ಮೇಷ್ಟ್ರೇ, ನೀವು ಹೇಳಿದ "ಮೊದಲು ಸಿಗೋ ಎಯುಜಿ" ಪೂರ್ತಿ ತಪ್ಪಲ್ಲ. ಅದು ನಮ್ಮ ಜೀವಕೋಶಗಳ ಕಥೆ. ಮನುಷ್ಯರಲ್ಲಿ ರೈಬೋಸೋಮಿನ ಚಿಕ್ಕ ಭಾಗ ಎಂಆರ್‌ಎನ್‌ಎ ತುದಿಯಲ್ಲಿರುವ ಟೋಪಿಯ ಹತ್ತಿರ ಹತ್ತಿ, ಅಲ್ಲಿಂದ ಜಾರುತ್ತಾ ಬರುತ್ತದೆ. ಸಾಮಾನ್ಯವಾಗಿ ಮೊದಲ ಎಯುಜಿ ಕಂಡಲ್ಲಿ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಎಂಆರ್‌ಎನ್‌ಎಗೆ ಅಂಥ ಟೋಪಿ ಇಲ್ಲ. ಅಲ್ಲಿ ರೈಬೋಸೋಮ್ ನಡುದಾರಿಯಲ್ಲೇ ಬಸ್ ಹತ್ತುತ್ತದೆ. ಎಲ್ಲಿ ಹತ್ತಬೇಕು ಅನ್ನೋದಕ್ಕೆ ಒಂದು ಗುರುತು ಬೇಕು.

ಆ ಗುರುತು ಎಯುಜಿ ಅಲ್ಲ. ಅದಕ್ಕಿಂತ ಸ್ವಲ್ಪ ಮುಂಚೆ, ಐದರಿಂದ ಒಂಬತ್ತು ಅಕ್ಷರ ಹಿಂದೆ, ಎಜಿಜಿಎಜಿಜಿ ಅನ್ನುವ ಆರು ಅಕ್ಷರ ಇರುತ್ತದೆ. ಕೆಲವು ಜೀನ್‌ಗಳಲ್ಲಿ ಆರೂ ಇರುತ್ತವೆ, ಎಷ್ಟೋ ಜೀನ್‌ಗಳಲ್ಲಿ ನಾಲ್ಕೋ ಐದೋ ಮಾತ್ರ. ಇದಕ್ಕೆ ಶೈನ್-ಡಾಲ್ಗಾರ್ನೊ ಸಾಲು ಅಂತ ಹೆಸರು. ರೈಬೋಸೋಮಿನ ಚಿಕ್ಕ ಭಾಗದಲ್ಲಿ, ಅಂದರೆ 30ಎಸ್‌ನಲ್ಲಿ, 16ಎಸ್ ಅನ್ನುವ ಆರ್‌ಎನ್‌ಎ ಇದೆ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದಲ್ಲಿ ಅದರ ಉದ್ದ 1542 ಅಕ್ಷರ. ಅದರ ಬಾಲದ ತುದಿಯಲ್ಲಿ ಸಿಸಿಯುಸಿಸಿ ಇದೆ. ಜಿಗೆ ಸಿ, ಎಗೆ ಯು. ಎರಡೂ ಎದುರುಬದುರಾಗಿ ಅಂಟಿಕೊಳ್ಳುತ್ತವೆ. ಬಾಲ ಅಲ್ಲಿ ಅಂಟಿದರೆ, ಮುಂದಿನ ಎಯುಜಿ ಸರಿಯಾಗಿ ರೈಬೋಸೋಮಿನ ಪಿ ಜಾಗದಲ್ಲಿ, ಅಂದರೆ ಮೊದಲ ಅಮೈನೋ ಆಮ್ಲ ಬರುವ ಕಡೆ, ಬಂದು ಕೂರುತ್ತದೆ. ಅಂತರ ಜಾಸ್ತಿ ಆದ್ರೂ ಕಷ್ಟ, ಕಡಿಮೆ ಆದ್ರೂ ಕಷ್ಟ.

ಲ್ಯಾಕ್ ಆಪೆರಾನ್ ಪ್ರಶ್ನೆಗೂ ಉತ್ತರ ಇದೇ. ಮೂರು ಜೀನ್‌ಗೂ ತಮ್ಮ ತಮ್ಮ ಹತ್ತುವ ಜಾಗ ಬೇರೆ ಬೇರೆ ಇದೆ. ಎರಡನೇ ಜೀನಿನ ರೈಬೋಸೋಮ್ ಮೊದಲನೇ ಜೀನಿನ ಮೇಲಿಂದಲೇ ಬರಬೇಕು ಅಂತೇನಿಲ್ಲ.

ಕಲ್ಲು ಓದೋನು

ನನಗೆ ವಿಜ್ಞಾನ ಅಷ್ಟಕ್ಕಷ್ಟೆ. ಶಾಸನಗಳ ಹುಚ್ಚು ಇದೆ. ಇದನ್ನು ಓದಿದಾಗ ಒಂದು ನೆನಪಾಯ್ತು. ಹಳೆಗನ್ನಡ ಶಾಸನದಲ್ಲಿ "ಶ್ರೀ" ಎಲ್ಲೆಂದರಲ್ಲಿ ಬರುತ್ತದೆ. ರಾಜನ ಹೆಸರಿಗೆ ಶ್ರೀ, ಬಿರುದಿಗೆ ಶ್ರೀ. ಕಲ್ಲು ಸವೆದಿದ್ದರೆ ಯಾವ ಶ್ರೀ ಶುರುವಿನದು ಅಂತ ಗೊತ್ತಾಗಲ್ಲ. ಮುಂಚೆ "ಸ್ವಸ್ತಿ" ಕಂಡರೆ ಸಾಕು, ಹೆಚ್ಚಿನ ಸಲ ಶುರು ಅಲ್ಲೇ. ಒಂದೇ ಕಲ್ಲಿನ ಮೇಲೆ ಎರಡು ದಾನ ಕೆತ್ತಿದ್ದರೂ ಎರಡನೆಯದಕ್ಕೆ ಮತ್ತೊಂದು ಸ್ವಸ್ತಿ ಹಾಕಿರುವುದನ್ನು ನೋಡಿದ್ದೇನೆ. ಎಯುಜಿ ಶ್ರೀ ಇದ್ದ ಹಾಗೆ, ನೀವು ಹೇಳಿದ ಆರು ಅಕ್ಷರ ಸ್ವಸ್ತಿ ಇದ್ದ ಹಾಗೆ. ಸರಿನಾ?

ಪಿಯು ಮೇಷ್ಟ್ರು

ಅಬ್ಬಾ, ಇದನ್ನ ನಾಳೆ ಕ್ಲಾಸಿನಲ್ಲಿ ಹೇಳೇ ಹೇಳ್ತೀನಿ. ನಮ್ಮ ಹುಡುಗರು ಬೇಲೂರು ಟ್ರಿಪ್ಪಿಗೆ ಹೋಗಿ ಬಂದಿದ್ದಾರೆ.

ಲ್ಯಾಬ್ ಕೋಟು

ಚೆನ್ನಾಗಿದೆ ಸಾರ್. ಒಂದು ತಕರಾರು ಮಾತ್ರ. ಸ್ವಸ್ತಿಯನ್ನು ಓದುವವನು ಬಾಯಿಬಿಟ್ಟು ಓದುತ್ತಾನೆ. ಶೈನ್-ಡಾಲ್ಗಾರ್ನೊ ಸಾಲು ಪ್ರೋಟೀನಿನಲ್ಲಿ ಬರುವುದೇ ಇಲ್ಲ. ಮುಟ್ಟಿ ನೋಡಲು ಮಾತ್ರ ಅದು.

ಹೊರನಾಡಿನವಳು

ಕ್ಯಾನ್‌ಬೆರಾದಲ್ಲಿ ಇದ್ದೇನೆ, ಹಾಗಾಗಿ ಈ ಹೆಸರು ಬಂದಾಗ ಬಾಯಿ ಹಾಕದೆ ಇರಲಾರೆ! ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ ಇಬ್ಬರೂ ಇಲ್ಲಿನ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು. ಡಾಲ್ಗಾರ್ನೊ ಗೈಡ್, ಶೈನ್ ಪಿಎಚ್‌ಡಿ ವಿದ್ಯಾರ್ಥಿ. 16ಎಸ್ ಆರ್‌ಎನ್‌ಎಯ ತುದಿಯ ಕೆಲವೇ ಅಕ್ಷರಗಳನ್ನು ಅವರು ಓದಿದರು. 1974ರಲ್ಲಿ ಪ್ರಕಟಿಸಿದರು.

ಆದರೆ ಆ ತುದಿಯನ್ನು ಹೋಲಿಸಿ ನೋಡಲು ಎಂಆರ್‌ಎನ್‌ಎಯ ಶುರುವಿನ ಅಕ್ಷರಗಳು ಬೇಕಲ್ಲ. ಅದನ್ನು ಜೋನ್ ಸ್ಟೈಟ್ಸ್ 1969ರಲ್ಲೇ ಮಾಡಿಟ್ಟಿದ್ದರು. ಆಕೆ ಮಾಡಿದ ಉಪಾಯ ನನಗೆ ಬಹಳ ಇಷ್ಟ. ಬ್ಯಾಕ್ಟೀರಿಯಾಗೆ ತಗಲುವ ಆರ್17 ಅನ್ನುವ ವೈರಸ್ಸಿನ ಆರ್‌ಎನ್‌ಎ ಮೇಲೆ ರೈಬೋಸೋಮ್ ಕೂರುವುದಕ್ಕೆ ಬಿಟ್ಟರು, ಮುಂದೆ ಹೋಗಲು ಬಿಡಲಿಲ್ಲ. ಆಮೇಲೆ ಆರ್‌ಎನ್‌ಎ ತಿನ್ನುವ ಕಿಣ್ವ ಸುರಿದರು. ಬರಿ ಮೈಯಾಗಿದ್ದ ಆರ್‌ಎನ್‌ಎ ಎಲ್ಲಾ ಚೂರುಚೂರು. ರೈಬೋಸೋಮಿನ ಅಡಿ ಸಿಕ್ಕಿಕೊಂಡ ತುಂಡು ಮಾತ್ರ ಉಳಿಯಿತು. ಮಳೆ ಬಂದು ನಿಂತ ಮೇಲೆ ನಿಲ್ಲಿಸಿದ್ದ ಕಾರು ತೆಗೆದರೆ ಕೆಳಗಿನ ನೆಲ ಒಣಗಿರುತ್ತಲ್ಲ, ಹಾಗೆ. ಆ ತುಂಡಿನಲ್ಲಿ ಎಯುಜಿ ಇತ್ತು, ಅದರ ಹಿಂದೆ ಜಿ-ಎ ಜಾಸ್ತಿ ಇರುವ ಸಾಲೂ ಇತ್ತು.

ಸುಮ್ನೆ ಓದೋನು

ಎರಡು ಸಾಲು ಹೊಂದಿಕೆ ಆಗುತ್ತವೆ ಅಂದ ಮಾತ್ರಕ್ಕೆ ಅಂಟಿಕೊಳ್ಳುತ್ತವೆ ಅಂತ ಹೇಗೆ ಹೇಳ್ತೀರಾ? ಕಾಕತಾಳೀಯ ಇರಬಾರದೇಕೆ? ಸುಮ್ನೆ ಕೇಳಿದೆ.

ಹೊರನಾಡಿನವಳು

ಒಳ್ಳೆ ಪ್ರಶ್ನೆ. 1987ರಲ್ಲಿ ಹುಯಿ ಮತ್ತು ಡಿ ಬೋಯರ್ ಅನ್ನುವವರು ಬೀಗ, ಕೀಲಿ ಎರಡನ್ನೂ ಬದಲಿಸಿ ನೋಡಿದರು. ಎಂಆರ್‌ಎನ್‌ಎ ಮೇಲಿನ ಸಾಲು ಬದಲಿಸಿದಾಗ ಮಾಮೂಲಿ ರೈಬೋಸೋಮ್‌ಗಳು ಅದನ್ನು ಹೆಚ್ಚುಕಡಿಮೆ ಮೂಸಿಯೂ ನೋಡಲಿಲ್ಲ. 16ಎಸ್ ಬಾಲವನ್ನೂ ಅದಕ್ಕೆ ಜೋಡಿಯಾಗುವಂತೆ ಬದಲಿಸಿದ ರೈಬೋಸೋಮ್ ಕೊಟ್ಟಾಗ ಮತ್ತೆ ಪ್ರೋಟೀನ್ ಬಂತು. ಇನ್ನೇನು ಬೇಕು?

ಲ್ಯಾಬ್ ಕೋಟು

ಇಲ್ಲಿ ನನ್ನ ಮೂರು ತಿಂಗಳು ನುಂಗಿದ ಒಂದು ಕಥೆ ಹೇಳಲೇಬೇಕು. ಮೇಷ್ಟ್ರ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯೇ ನನ್ನ ಜೆಲ್ಲಿನ ಮೇಲೆ ಬಂದು ಕೂತಿತ್ತು.

ಮನುಷ್ಯನ ಒಂದು ಜೀನನ್ನು ಇ. ಕೋಲಿಗೆ ಹಾಕಿ ಪ್ರೋಟೀನ್ ತೆಗೆಯುತ್ತಿದ್ದೆ. ಪ್ರೋಟೀನಿನ ಕೊನೆಗೆ ಹಿಸ್ಟಿಡಿನ್ ಬಾಲ ಕಟ್ಟಿದ್ದೆ, ನಿಕ್ಕಲ್ ಕಾಲಮ್ಮಿನಲ್ಲಿ ಹಿಡಿಯೋದಕ್ಕೆ. ಸಂಜೆ ಜೀನ್ ಚಾಲೂ ಮಾಡುವ ಐಪಿಟಿಜಿ ಹಾಕಿ, ಬೆಳಿಗ್ಗೆ ಕೋಶ ಒಡೆದು, ಕಾಲಮ್ಮಿಗೆ ಹಾಕಿ, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿದೆ. ನೀಲಿ ಬಣ್ಣ ತೊಳೆದ ಮೇಲೆ ನೋಡಿದರೆ ಎರಡು ಪಟ್ಟಿ. 42 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಒಂದು, ಅದು ಬೇಕಾಗಿದ್ದು. 31ರ ಹತ್ತಿರ ಇನ್ನೊಂದು, ಅಷ್ಟೇ ದಪ್ಪ.

ಪ್ರೋಟೀನ್ ತಿನ್ನುವ ಕಿಣ್ವ, ಯಾವುದೋ ಪ್ರೋಟಿಯೇಸ್, ಕತ್ತರಿಸುತ್ತಿದೆ ಅಂದುಕೊಂಡೆ. ಪ್ರೋಟಿಯೇಸ್ ತಡೆಯುವ ಮಾತ್ರೆ ಹಾಕಿದೆ, ಎಲ್ಲಾ ಐಸಿನ ಮೇಲೆ ಮಾಡಿದೆ. ಎರಡೂ ಪಟ್ಟಿ ನಗುತ್ತಾ ಕೂತಿದ್ದವು. ಆಮೇಲೆ ಸೀನಿಯರ್ ಒಬ್ಬರು "ಅಪರೂಪದ ಕೋಡಾನ್ ಸಮಸ್ಯೆ ಇರಬೇಕು" ಅಂದರು. ಮನುಷ್ಯರ ಜೀನಿನಲ್ಲಿ ಅರ್ಜಿನಿನ್‌ಗೆ ಎಜಿಎ, ಎಜಿಜಿ ಸಾಮಾನ್ಯ. ಇ. ಕೋಲಿಯಲ್ಲಿ ಆ ಕೋಡಾನ್‌ಗೆ ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎಗಳು ಕಡಿಮೆ. ರೈಬೋಸೋಮ್ ಕಾದು ಕಾದು ಅರ್ಧಕ್ಕೇ ಬಿಟ್ಟು ಹೋಗಬಹುದು. ಆ ಟಿಆರ್‌ಎನ್‌ಎಗಳನ್ನು ಜಾಸ್ತಿ ಮಾಡುವ ತಳಿ ತರಿಸಿದೆವು. ಮತ್ತೆ ಅದೇ ಎರಡು ಪಟ್ಟಿ.

ಒಂದು ದಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ತಲೆಗೆ ಹೊಳೆಯಿತು. ಅರ್ಧಕ್ಕೆ ನಿಂತಿದ್ದರೆ ಪ್ರೋಟೀನಿನ ಕೊನೆಯೇ ಇರಬಾರದು. ನನ್ನ ಬಾಲ ಇರೋದು ಕೊನೆಯಲ್ಲಿ. ಚಿಕ್ಕ ಪಟ್ಟಿ ಕಾಲಮ್ಮಿಗೆ ಅಂಟಿದೆ ಅಂದರೆ ಬಾಲ ಇದೆ. ಹಾಗಾದರೆ ಇಲ್ಲದಿರುವುದು ತಲೆ! ತಲೆಯಿಂದ ಸುಮಾರು 100 ಅಮೈನೋ ಆಮ್ಲ ಕಾಣೆ. ಸೀಕ್ವೆನ್ಸ್ ತೆಗೆದು ನೋಡಿದೆ. ಸರಿಯಾಗಿ ಆ ಜಾಗದಲ್ಲಿ ಒಂದು ಎಯುಜಿ. ಅದರ ಹಿಂದೆ ಎರಡು ಕೋಡಾನ್ ಬಿಟ್ಟು ಎಎಜಿ-ಜಿಎಜಿ-ಜಿಯುಜಿ. ಲೈಸಿನ್, ಗ್ಲುಟಮೇಟ್, ವ್ಯಾಲಿನ್. ನಡುವಿನ ಗೆರೆ ತೆಗೆದು ಓದಿ ನೋಡಿ: ಎ-ಎಜಿಜಿಎಜಿಜಿ-ಯುಜಿ. ಶುದ್ಧ ಶೈನ್-ಡಾಲ್ಗಾರ್ನೊ! ಮನುಷ್ಯರ ಕೋಶದಲ್ಲಿ ಅದು ಬರೀ ಮೂರು ಅಮೈನೋ ಆಮ್ಲ. ಇ. ಕೋಲಿ ಕಣ್ಣಿಗೆ ಅದು ಬಸ್ ಸ್ಟಾಪು.

ಎಎಎ-ಜಿಎಎ-ಜಿಯುಯು ಅಂತ ಬದಲಿಸಿದೆ. ಈಗಲೂ ಲೈಸಿನ್, ಗ್ಲುಟಮೇಟ್, ವ್ಯಾಲಿನ್ನೇ. ಮೂರು ಅಕ್ಷರ ಬದಲು, ಅಮೈನೋ ಆಮ್ಲ ಒಂದೂ ಬದಲಿಲ್ಲ. ಮುಂದಿನ ಜೆಲ್ಲಿನಲ್ಲಿ ಒಂದೇ ಪಟ್ಟಿ.

ಪಿಯು ಮೇಷ್ಟ್ರು

ಅಂದರೆ ನಡುವಿನ ಎಯುಜಿಯಿಂದಲೂ ಶುರು ಆಗುತ್ತದೆ! ನಾನು ಆ ಹುಡುಗಿಗೆ "ಆಗಲ್ಲ" ಅಂತ ಹೇಳದೆ ಇದ್ದದ್ದು ಒಳ್ಳೇದಾಯ್ತು.

ಇನ್ನೊಂದು ಅನುಮಾನ. ಶುರುವಿಗೂ ನಡುವಿಗೂ ಮೆಥಿಯೋನಿನ್ ತರುವ ಟಿಆರ್‌ಎನ್‌ಎ ಒಂದೇನಾ?

ಲ್ಯಾಬ್ ಕೋಟು

ಬೇರೆ ಬೇರೆ. ಮೆಥಿಯೋನಿನ್ ಹೇರುವ ಕಿಣ್ವ ಎರಡಕ್ಕೂ ಒಂದೇ. ಆದರೆ ಶುರುವಿನ ಟಿಆರ್‌ಎನ್‌ಎ ಮೇಲೆ ಹೇರಿದ ಮೆಥಿಯೋನಿನ್‌ಗೆ ಬ್ಯಾಕ್ಟೀರಿಯಾ ಒಂದು ಫಾರ್ಮೈಲ್ ಗುಂಪು ಅಂಟಿಸುತ್ತದೆ. ಇದನ್ನು 1964ರಲ್ಲಿ ಮಾರ್ಕರ್ ಮತ್ತು ಸ್ಯಾಂಗರ್ ಕಂಡುಹಿಡಿದರು. ಫಾರ್ಮೈಲ್ ಇದ್ದವನನ್ನು ಐಎಫ್-2 ಅನ್ನುವ ಪ್ರೋಟೀನ್ 30ಎಸ್‌ನಲ್ಲಿ ನೇರ ಪಿ ಜಾಗಕ್ಕೆ ಕೂರಿಸುತ್ತದೆ. ಬಾಕಿ ಟಿಆರ್‌ಎನ್‌ಎಗಳೆಲ್ಲ ಇಎಫ್-ಟಿಯು ಅನ್ನುವ ಪ್ರೋಟೀನ್ ಜೊತೆ ಬಂದು ಪಕ್ಕದ ಎ ಜಾಗದಿಂದಲೇ ಒಳಗೆ ಬರಬೇಕು. ಐಎಫ್-3 ಬಾಗಿಲಲ್ಲಿ ನಿಂತು ಚೆಕ್ ಮಾಡುತ್ತದೆ. ಎಲ್ಲಾ ಸರಿ ಇದ್ದರೆ ದೊಡ್ಡ ಭಾಗ, 50ಎಸ್, ಮೇಲೆ ಬಂದು ಕೂರುತ್ತದೆ. ಜಿಟಿಪಿ ಒಡೆಯುತ್ತದೆ, ಕಾವಲುಗಾರರು ಹೊರಗೆ, ಕೆಲಸ ಶುರು.

ಇದರಲ್ಲಿ ಬೆಂಗಳೂರಿಗೂ ಒಂದು ಕೊಂಡಿ ಇದೆ. 1990ರಲ್ಲಿ ಉಮೇಶ್ ವಾರ್ಷ್ಣೇಯ ಮತ್ತು ರಾಜಭಂಡಾರಿ ಅಮೆರಿಕದ ಎಂಐಟಿಯಲ್ಲಿ ಒಂದು ತಮಾಷೆ ಮಾಡಿದರು. ಶುರುವಿನ ಟಿಆರ್‌ಎನ್‌ಎಯಲ್ಲಿ ಕೋಡಾನ್ ಓದುವ ತುದಿ, ಅಂದರೆ ಆಂಟಿಕೋಡಾನ್, ಬದಲಿಸಿ, ಯುಎಜಿಯನ್ನು ಓದುವ ಹಾಗೆ ಮಾಡಿದರು. ಯುಎಜಿ ಅಂದರೆ ಸ್ಟಾಪ್! ಜೀನಿನ ಶುರುವಿನಲ್ಲೂ ಎಯುಜಿ ತೆಗೆದು ಯುಎಜಿ ಇಟ್ಟರು. ಪ್ರೋಟೀನ್ ಬಂತು, ಸ್ಟಾಪ್ ಕೋಡಾನಿನಿಂದಲೇ ಶುರುವಾಗಿ. ಅಂದರೆ ಬ್ಯಾಕ್ಟೀರಿಯಾ ಹುಡುಕುವುದು ಎಯುಜಿ ಅನ್ನುವ ಅಕ್ಷರಗಳನ್ನಷ್ಟೇ ಅಲ್ಲ, ಆ ಟಿಆರ್‌ಎನ್‌ಎಯ ಮೈಕಟ್ಟನ್ನು. ವಾರ್ಷ್ಣೇಯ ಆಮೇಲೆ ನಮ್ಮ ಐಐಎಸ್‌ಸಿಗೆ ಬಂದರು. ಆ ಟಿಆರ್‌ಎನ್‌ಎಯ ಕಾಂಡದಲ್ಲಿರುವ ಮೂರು ಜಿ-ಸಿ ಜೋಡಿಗಳ ಹಿಂದೆ ಅವರ ಲ್ಯಾಬ್ ವರ್ಷಗಟ್ಟಲೆ ಬಿದ್ದಿತು.

ದಾಳಿಂಬೆ ತೋಟ

ನಮಸ್ಕಾರ್ರೀ. ಕೊಪ್ಪಳ ಕಡೆಯವನು. ಓದ್ತಾ ಓದ್ತಾ ಅರ್ಧ ತಿಳೀತು, ಅರ್ಧ ಇಲ್ಲ. ಒಂದು ಕೇಳ್ಬೇಕಿತ್ತು. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಸ್ಟ್ರೆಪ್ಟೋಸೈಕ್ಲಿನ್ ಹೊಡೀತೀವಿ. ಹಣ್ಣಿನ ಮೇಲೆ ಕಪ್ಪು ಚುಕ್ಕೆ ಬಿದ್ದು, ಸೀಳಿ, ತೋಟಕ್ಕೆ ತೋಟವೇ ಹೋಗ್ತದೆ. ಮೊದಮೊದಲು ಔಷಧ ನಡೀತಿತ್ತು. ಈಗ ಒಂದೊಂದು ಸಲ ನೀರು ಹೊಡೆದಂಗೆ ಆಗ್ತದೆ. ಇದಕ್ಕೂ ನೀವು ಹೇಳೋ ರೈಬೋಸೋಮಿಗೂ ಏನಾದ್ರೂ ಸಂಬಂಧ ಇದೆಯೇನ್ರೀ?

ಔಷಧಿ ಅಂಗಡಿ

ಇದೆ ಅಣ್ಣ, ನೇರ ಸಂಬಂಧ. ಸ್ಟ್ರೆಪ್ಟೋಸೈಕ್ಲಿನ್ ಪುಡಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಬ್ಯಾಕ್ಟೀರಿಯಾದ ರೈಬೋಸೋಮಿನ ಚಿಕ್ಕ ಭಾಗಕ್ಕೇ ಅಂಟುತ್ತವೆ. ಟೆಟ್ರಾಸೈಕ್ಲಿನ್ ಎ ಜಾಗದಲ್ಲಿ ಅಡ್ಡ ಕೂತು ಹೊಸ ಟಿಆರ್‌ಎನ್‌ಎಗೆ ಜಾಗ ಕೊಡಲ್ಲ. ಸ್ಟ್ರೆಪ್ಟೋಮೈಸಿನ್ ಇನ್ನೂ ಕಿಲಾಡಿ, ಕೆಲಸ ನಿಲ್ಲಿಸುವುದರ ಜೊತೆಗೆ ತಪ್ಪು ಓದುವ ಹಾಗೆಯೂ ಮಾಡುತ್ತದೆ. ತಪ್ಪು ಅಮೈನೋ ಆಮ್ಲ ಸೇರಿ ಸೇರಿ ಕೆಟ್ಟ ಪ್ರೋಟೀನ್ ತುಂಬುತ್ತದೆ. ಅಮೋಕ್ಸಿಸಿಲಿನ್ ಥರದ್ದು ಕೂಡ ಹೀಗೇ ಕೆಲಸ ಮಾಡೋದು.

ಲ್ಯಾಬ್ ಕೋಟು

ಕೊನೇ ಸಾಲು ತಪ್ಪು ಸಾರ್. ಅಮೋಕ್ಸಿಸಿಲಿನ್, ಪೆನಿಸಿಲಿನ್ ಎಲ್ಲಾ ಬ್ಯಾಕ್ಟೀರಿಯಾದ ಕೋಶದ ಗೋಡೆ ಕಟ್ಟೋದನ್ನು ತಡೆಯುತ್ತವೆ. ರೈಬೋಸೋಮ್ ತಂಟೆಗೆ ಹೋಗಲ್ಲ. ಅಜಿತ್ರೋಮೈಸಿನ್ ಹೋಗುತ್ತದೆ. ಹೊಸ ಪ್ರೋಟೀನ್ ಹೊರಬರುವ ಸುರಂಗದಲ್ಲಿ ಅಡ್ಡ ಕೂರುತ್ತದೆ.

ಔಷಧಿ ಅಂಗಡಿ

ಹೌದು ಹೌದು, ಅಜಿತ್ರೋಮೈಸಿನ್ ಅನ್ನಲು ಹೋಗಿ ಅಮೋಕ್ಸಿಸಿಲಿನ್ ಅಂದೆ. ದಿನಕ್ಕೆ ಐವತ್ತು ಸ್ಟ್ರಿಪ್ ಕೊಡ್ತಾ ಇದ್ರೆ ಹಿಂಗೇ ಆಗೋದು.

ಲ್ಯಾಬ್ ಕೋಟು

ಕೊಪ್ಪಳದ ಅಣ್ಣನ ಎರಡನೇ ಪ್ರಶ್ನೆಗೆ. ಔಷಧ ಕೆಲಸ ಮಾಡದಿರುವುದಕ್ಕೆ ಕಾರಣ ಹಲವು ಇರಬಹುದು, ಮಳೆಯಲ್ಲಿ ತೊಳೆದು ಹೋಗುವುದೂ ಸೇರಿ. ನಿಮ್ಮ ತೋಟದ ಬ್ಯಾಕ್ಟೀರಿಯಾವನ್ನು ಪರೀಕ್ಷೆ ಮಾಡದೆ ಇದೇ ಕಾರಣ ಅಂತ ಹೇಳಲಾಗಲ್ಲ. ಆದರೆ ಬ್ಯಾಕ್ಟೀರಿಯಾಗೆ ಸುಲಭದ ದಾರಿ ಒಂದಿದೆ. 30ಎಸ್‌ನಲ್ಲಿ ಎಸ್-12 ಅನ್ನುವ ಪ್ರೋಟೀನ್ ಇದೆ. ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸ್ಟ್ರೆಪ್ಟೋಮೈಸಿನ್ ನಾಟದೇ ಹೋಗಬಹುದು. ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಒಂದಕ್ಕೆ ಹಾಗಾಗಿ, ಔಷಧ ಹೊಡೆದಾಗ ಉಳಿದವೆಲ್ಲ ಸತ್ತರೆ, ಮುಂದಿನ ಸಲ ತೋಟದ ತುಂಬ ಅದರ ಮಕ್ಕಳೇ. ಹಾಗಾಗಿ ಪದೇ ಪದೇ ಹೊಡೆಯುವ ಮುಂಚೆ ನಿಮ್ಮ ಹತ್ತಿರದ ತೋಟಗಾರಿಕೆ ಅಧಿಕಾರಿಗೆ ಎಲೆ, ಹಣ್ಣು ತೋರಿಸಿ.

ಭತ್ತದ ಬೆಂಕಿ ರೋಗಕ್ಕೆ ಹೊಡೆಯುವ ಕಸುಗಮೈಸಿನ್ ಗೊತ್ತಿರಬೇಕಲ್ಲ? ಜಪಾನಿನ ನಾರಾ ಊರಿನ ಕಸುಗಾ ದೇವಸ್ಥಾನದ ಹತ್ತಿರದ ಮಣ್ಣಿನಿಂದ ಬಂದದ್ದು. ಬೆಂಕಿ ರೋಗ ಶಿಲೀಂಧ್ರದ್ದು, ಆದರೆ ಬ್ಯಾಕ್ಟೀರಿಯಾದ ಮೇಲೂ ಅದು ಕೆಲಸ ಮಾಡುತ್ತದೆ. ಅಲ್ಲಿ ಅದು ತಡೆಯುವುದು ಮೇಷ್ಟ್ರು ಕೇಳಿದ ಘಟ್ಟವನ್ನೇ. ಎಂಆರ್‌ಎನ್‌ಎ ಹಾಯುವ ದಾರಿಯಲ್ಲಿ ಕೂತು, ಶುರುವಿನ ಟಿಆರ್‌ಎನ್‌ಎಗೆ ಪಿ ಜಾಗ ಸಿಗದ ಹಾಗೆ ಮಾಡುತ್ತದೆ.

ದಾಳಿಂಬೆ ತೋಟ

ಆಯ್ತ್ರೀ, ತೋರಿಸ್ತೀನಿ. ಗದ್ದೆಯೂ ಇದೆ ನಮ್ಮದು, ಕಾಲುವೆ ಕೆಳಗೆ. ಆ ಬಾಟ್ಲಿ ಮನೆಯಲ್ಲೇ ಇದೆ.

ಪಿಯು ಮೇಷ್ಟ್ರು

ಇವತ್ತು ಕ್ಲಾಸ್ ಮುಗಿಸಿ ಬಂದೆ. ಸ್ವಸ್ತಿ ಶ್ರೀ ಹೇಳಿದೆ, ಎರಡು ಪಟ್ಟಿಯ ಕಥೆ ಹೇಳಿದೆ. ಎಎಜಿ-ಜಿಎಜಿ-ಜಿಯುಜಿ ಬರೆದು "ಇದರಲ್ಲಿ ಏನು ಬಚ್ಚಿಟ್ಟುಕೊಂಡಿದೆ ಹುಡುಕಿ" ಅಂದೆ. ಅರ್ಧ ನಿಮಿಷದಲ್ಲಿ ಆ ಹುಡುಗಿಯಲ್ಲ, ಕೊನೆ ಬೆಂಚಿನ ಹುಡುಗ ಒಬ್ಬ ಕಂಡುಹಿಡಿದ. ವರ್ಷಪೂರ್ತಿ ಬಾಯಿಬಿಡದವನು!

ಸ್ಪೀಡ್ ಎಷ್ಟು ಅಂತಲೂ ಕೇಳಿದರು. ಇ. ಕೋಲಿಯಲ್ಲಿ ಸೆಕೆಂಡಿಗೆ 15ರಿಂದ 20 ಅಮೈನೋ ಆಮ್ಲ ಅಂತ ಓದಿಕೊಂಡು ಹೋಗಿದ್ದೆ. ಲ್ಯಾಕ್ ಆಪೆರಾನಿನ ಮೊದಲ ಪ್ರೋಟೀನಿನಲ್ಲಿ ಸಾವಿರದ ಮೇಲೆ ಸ್ವಲ್ಪ ಇವೆ. ಅವರೇ ಭಾಗಾಕಾರ ಮಾಡಿ ಸುಮಾರು ಒಂದು ನಿಮಿಷ ಅಂದರು.

ನನ್ನ ಹುಡುಗಿ ಬಿಡಬೇಕಲ್ಲ. "ಸರ್, ಶುರು ಗೊತ್ತಾಯ್ತು. ಎಂಆರ್‌ಎನ್‌ಎ ನಡುವೆ ತುಂಡಾಗಿ ಸ್ಟಾಪ್ ಕೋಡಾನೇ ಇಲ್ಲದೆ ಹೋದರೆ? ರೈಬೋಸೋಮ್ ತುದಿಗೆ ಹೋಗಿ ಹಂಗೇ ನಿಲ್ಲುತ್ತಾ?" ಮತ್ತೆ ನಾಳೆ ಹೇಳ್ತೀನಿ ಅಂದೆ. ಲ್ಯಾಬ್ ಕೋಟು ಅವರೇ, ಇದ್ದೀರಾ?

ಲ್ಯಾಬ್ ಕೋಟು

ಇದ್ದೀನಿ ಮೇಷ್ಟ್ರೇ. ನಿಲ್ಲುತ್ತದೆ. ಸ್ಟಾಪ್ ಕೋಡಾನ್ ಓದುವುದು ಟಿಆರ್‌ಎನ್‌ಎ ಅಲ್ಲ, ಬಿಡುಗಡೆ ಮಾಡುವ ಪ್ರೋಟೀನ್‌ಗಳು. ಸ್ಟಾಪ್ ಇಲ್ಲ ಅಂದರೆ ಅವು ಬರಲ್ಲ. ಅರ್ಧ ಪ್ರೋಟೀನ್ ನೇತಾಡಿಸಿಕೊಂಡು ರೈಬೋಸೋಮ್ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಎಂಆರ್‌ಎನ್‌ಎ ಆಯಸ್ಸು ಕೆಲವೇ ನಿಮಿಷ, ಹಾಗಾಗಿ ಇದು ದಿನಾ ನಡೆಯುವ ಕಾಟ.

ಬಿಡಿಸಲು ಟಿಎಂಆರ್‌ಎನ್‌ಎ ಅಂತ ಒಂದು ಬರುತ್ತದೆ. ಅರ್ಧ ಟಿಆರ್‌ಎನ್‌ಎ, ಅರ್ಧ ಎಂಆರ್‌ಎನ್‌ಎ. ತಾನು ಹೊತ್ತು ತಂದ ಅಲನಿನ್ ಒಂದನ್ನು ಮೊದಲು ಅರ್ಧ ಪ್ರೋಟೀನಿಗೆ ಜೋಡಿಸುತ್ತದೆ. ಆಮೇಲೆ ರೈಬೋಸೋಮ್ ತುಂಡಾದ ಎಂಆರ್‌ಎನ್‌ಎ ಬಿಟ್ಟು ಇದರ ಮೈಮೇಲೆ ಬರೆದಿರುವ ಹತ್ತು ಕೋಡಾನ್ ಓದುತ್ತದೆ. ಕೊನೆಗೆ ಒಂದು ಸ್ಟಾಪ್ ಇಟ್ಟಿರುತ್ತದೆ, ರೈಬೋಸೋಮ್ ಬಿಡುಗಡೆ. ಸೇರಿಸಿದ ಹನ್ನೊಂದು ಅಮೈನೋ ಆಮ್ಲದ ಚೀಟಿ ನೋಡಿ ಕೋಶದ ಪ್ರೋಟಿಯೇಸ್‌ಗಳು ಆ ಅರ್ಧಂಬರ್ಧ ಪ್ರೋಟೀನನ್ನು ತಿಂದುಹಾಕುತ್ತವೆ.

ಬೋರ್ಡಿನಲ್ಲಿ ಎರಡು ಬಣ್ಣದ ಚಾಕ್ ಬೇಕು ಇದಕ್ಕೆ. ಮುರಿದ ಎಂಆರ್‌ಎನ್‌ಎ ಬಿಳಿ, ಟಿಎಂಆರ್‌ಎನ್‌ಎ ಹಳದಿ. ರೈಬೋಸೋಮ್ ಒಂದರಿಂದ ಇನ್ನೊಂದಕ್ಕೆ ಹಾರುವ ಜಾಗದಲ್ಲಿ ಬಾಣ ಹಾಕಿ. ಅಲ್ಲೇ ಕೇಳ್ತಾಳೆ ನೋಡಿ, "ಸರ್, ಅಲ್ಲಿ ಎಯುಜಿಯೂ ಇಲ್ಲ, ಶೈನ್-ಡಾಲ್ಗಾರ್ನೊವೂ ಇಲ್ಲ, ಎಲ್ಲಿಂದ ಓದಬೇಕು ಅಂತ ಹೇಗೆ ಗೊತ್ತಾಗುತ್ತೆ?" ಅಂತ.

ಸುಮ್ನೆ ಓದೋನು

ಹೇಗೆ ಗೊತ್ತಾಗುತ್ತೆ?